ಗೂಬೆಯನ್ನು ಕನ್ಸೋಲ್ ಮೇಲೆ ಕೂರಿಸಬೇಡಿ

ಹೋದ ತಿಂಗಳು ನಮ್ಮ ಹಳೇ ಆಫೀಸಿನವರು ನನ್ನನ್ನು ಕರೆಸಿದ್ದರು. ಹೊಸದಾಗಿ ಸೇರಿದವರಿಗೆ ನಾಲ್ಕು ಮಾತು ಹೇಳಬೇಕಂತೆ. ಹೈದರಾಬಾದಿನಲ್ಲಿ ಇಪ್ಪತ್ತೆರಡು ವರ್ಷ ವಿಡಿಯೋ ಆಟಗಳ ತಪ್ಪು ಹುಡುಕುವ ಕೆಲಸ ಮಾಡಿ ನಿವೃತ್ತಳಾದವಳು ನಾನು. ಆಟ ಅಂಗಡಿಗೆ ಹೋಗುವ ಮೊದಲು ಆಡಿ, ಕೆಡವಿ, ಎಲ್ಲಿ ಒಡೆಯುತ್ತದೆ ಎಂದು ಬರೆದುಕೊಡುವ ಟೆಸ್ಟರ್. ಶಾಲು ಹೊದಿಸಿದರು, ಸಮೋಸ ಕೊಟ್ಟರು. ಮಾತು ಶುರು ಮಾಡಿ ಐದು ನಿಮಿಷ ಆಗಿರಲಿಲ್ಲ, ಎರಡನೇ ಸಾಲಿನಿಂದ ಸವಿತಾ ಎಂಬ ಹುಡುಗಿ ಎದ್ದು ನಿಂತಳು. ಕಲಬುರಗಿ ಕಡೆಯವಳು. ನಾನು ಕನ್ನಡದವಳೆಂದು ಗೊತ್ತಾಗಿ ಕನ್ನಡದಲ್ಲೇ ಕೇಳಿದಳು.

"ಅಕ್ಕಾರ, ಒಂದು ಮಾತು ಕೇಳ್ಲೇನ್ರಿ? ಪಿಸಿ ಆಟ ಇಷ್ಟು ಕೆಟ್ಟು ಕೆರ ಹಿಡ್ಯಾಕ ಕನ್ಸೋಲೇ ಕಾರಣ ಹೌದಲ್ಲೋ? ಎಲ್ಲಾ ಕಡಿ ಒಂದ ಆಟ ಬಿಡಬೇಕಂತ ಹೇಳಿ ಪಿಸಿದು ಹಾಳು ಮಾಡಿಬಿಟ್ಟಾರ."

ಸುತ್ತಲಿದ್ದವರಿಗೆ ಯಾರೋ ಅದನ್ನು ತೆಲುಗಿನಲ್ಲಿ ಹೇಳಿದರು. ಇಡೀ ಹಾಲ್ ಚಪ್ಪಾಳೆ ಹೊಡೆಯಿತು! ನನಗೆ ಮೈಯೆಲ್ಲ ಉರಿದುಹೋಯಿತು. "ಕುಂದರವ್ವಾ, ಕುಂದರು, ನಿನಗ ಹೇಳ್ತೀನಿ" ಎಂದು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದೆ. ನನ್ನ ದನಿ ಏರಿದ್ದು ನೋಡಿ ಮ್ಯಾನೇಜರು ಊಟದ ಹೊತ್ತಾಯಿತೆಂದು ಮೈಕು ಇಸಿದುಕೊಂಡರು. ಅಲ್ಲಿ ನುಂಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಮೈಕು ಕಸಿಯುವವರು ಯಾರೂ ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಪಿಸಿ ಆಟವೆಂದರೆ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ, ಮೌಸು ಕೀಬೋರ್ಡು ಹಿಡಿದು, ಪರದೆಗೆ ಮುಖ ಹತ್ತಿರ ಇಟ್ಟು ಆಡುವುದು. ಕನ್ಸೋಲ್ ಎಂದರೆ ಟಿವಿಗೆ ಜೋಡಿಸುವ ಪೆಟ್ಟಿಗೆ. ಸೋಫಾದ ಮೇಲೆ ಕೂತು, ಗುಂಡಿಗಳಿರುವ ಪ್ಯಾಡನ್ನು ಎರಡು ಕೈಯಲ್ಲಿ ಹಿಡಿದು ಆಡುತ್ತಾರೆ. ಮೊದಲು ಇವರ ಆಟ ಬೇರೆ, ಅವರ ಆಟ ಬೇರೆ ಇರುತ್ತಿತ್ತು. ಆಮೇಲೆ ಒಂದೇ ಆಟವನ್ನು ಎರಡೂ ಕಡೆ ಒಂದೇ ದಿನ ಬಿಡುವ ಪದ್ಧತಿ ಬಂತು. ಅಂದಿನಿಂದ ಪಿಸಿಯವರ ಗೋಳು ನಿಂತಿಲ್ಲ. ಅಕ್ಷರ ದೊಡ್ಡದಾಯಿತು, ಪರದೆಯಲ್ಲಿ ಸಾಮಾನು ಕಡಿಮೆಯಾಯಿತು, ಮೌಸು ಕೆಲಸಕ್ಕೆ ಬಾರದಂತಾಯಿತು ಎನ್ನುತ್ತಾರೆ. ದೂರು ಸುಳ್ಳೆಂದು ನಾನು ಹೇಳುವುದಿಲ್ಲ. ಕೆಟ್ಟ ಆಟಗಳನ್ನು ಕಣ್ಣಾರೆ ಕಂಡಿದ್ದೇನೆ. ಕೆಡಿಸಿದವರು ಯಾರು ಎಂಬುದರಲ್ಲಿ ಮಾತ್ರ ನನ್ನ ತಕರಾರು.

ನಮ್ಮ ಅಪ್ಪ ಬೀದರಿನಿಂದ ಇಲ್ಲಿಯ ರಕ್ಷಣಾ ಕಾರ್ಖಾನೆಯ ನೌಕರಿಗೆ ಬಂದವರು. ನಾನು ಹುಟ್ಟಿದ್ದು, ಓದಿದ್ದು, ಮದುವೆಯಾಗಿದ್ದು ಎಲ್ಲ ಇಲ್ಲೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು ಹಿಂದಿ. ನನ್ನ ಮೊದಲ ಕೆಲಸ ನಾಚಾರಂನ ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ. ಗೋಡೆಗೆ ಹಾಕುವ ಸ್ವಿಚ್ಚಿನ ಡಬ್ಬಿಗಳನ್ನು ಅಳೆದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಅಲ್ಲಿ ಎರಡು ಯಂತ್ರಗಳಿದ್ದವು, ಎರಡಕ್ಕೂ ಒಂದೇ ಅಳತೆಯ ಅಚ್ಚು. ಮೊದಲ ಯಂತ್ರದ ಅಳತೆಗಳನ್ನು ಪೂರ್ತಿ ಬರೆದು, ಪಕ್ಕದ ಕಾಲಮ್ಮಿನಲ್ಲಿ ಎರಡನೇ ಯಂತ್ರಕ್ಕೆ ಡಿಟ್ಟೋ ಹಾಕುತ್ತಿದ್ದೆವು. ಎರಡು ಪುಟ್ಟ ಗೀಟು, ಅಷ್ಟೇ. ಇದೂ ಅದರ ಹಾಗೇ ಎಂದು ಅರ್ಥ. ಯಾರೂ ತಪ್ಪೆನ್ನಲಿಲ್ಲ, ಯಾವ ಡಬ್ಬಿಯೂ ವಾಪಸ್ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಗೀಟು ಎಳೆದೆನೋ ದೇವರಿಗೇ ಗೊತ್ತು.

ಆ ಕಾರ್ಖಾನೆ ಮುಚ್ಚಿತು. ಪೇಪರಿನಲ್ಲಿ ಜಾಹೀರಾತು ನೋಡಿ ಅಬಿಡ್ಸ್‌ಗೆ ಹೋದೆ. ಪುಸ್ತಕದ ಅಂಗಡಿಗಳ ಮೇಲೆ ಎರಡನೇ ಮಾಳಿಗೆಯಲ್ಲಿ ನಮ್ಮ ಟೆಸ್ಟಿಂಗ್ ಕಂಪನಿಯ ಆಫೀಸು. ಕಂಪನಿ ನಡೆಸುತ್ತಿದ್ದವರು ಜೋಶಿ ಸರ್, ವಿಜಯಪುರದವರು. ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳಿ, ನನ್ನ ಇಂಗ್ಲಿಷು ಕೇಳಿ, ಪಾಪ, ಕನ್ನಡಕ್ಕೆ ಇಳಿದರು.

"ಆಟ ಆಡ್ತೀರೇನ್ರಿ ಬಾಯಾರ?"

"ಇಲ್ರಿ. ಹುಳುಕು ಹುಡುಕ್ತೀನ್ರಿ."

"ಅನುಭವ ಐತೇನು?"

"ಹನ್ನೊಂದು ವರ್ಷ ಫ್ಯಾಕ್ಟರಿಯೊಳಗ, ಅದಕ್ಕಿಂತ ಹೆಚ್ಚು ಮನಿಯೊಳಗ. ಬೇಕಾದ್ರ ನಮ್ಮ ಅತ್ತೀನ್ನ ಕೇಳ್ರಿ."

ಜೋಶಿ ಸರ್ ನಕ್ಕ ಹೊಡೆತಕ್ಕೆ ಕಪ್ಪಿನ ಚಹಾ ಬಸಿಗೆ ಬಂತು. ಮರುದಿನವೇ ಬಾ ಎಂದರು.

ಈಗ ಕೇಳಿ. ಕನ್ಸೋಲ್ ಬರುವ ಮೊದಲು ಪಿಸಿ ಆಟಗಳು ಸ್ವರ್ಗದಿಂದ ಇಳಿದು ಬರುತ್ತಿದ್ದವು ಎಂದುಕೊಂಡಿದ್ದೀರಲ್ಲ, ಎಲ್ಲಿಯ ಮಾತು! ನಾನು ಮೊದಲ ವರ್ಷ ನೋಡಿದ ಒಂದು ಆಟ ಸರಿಯಾಗಿ ಒಂದು ಗಂಟೆ ಆಡಿದರೆ ನಿಂತುಬಿಡುತ್ತಿತ್ತು. ತಪ್ಪು ಬರೆದುಕೊಟ್ಟೆ. ಆಟ ಮಾಡಿದ ಇಂಜಿನಿಯರರ ಉತ್ತರ ಬಂತು: ಗಿರಾಕಿ ಕಂಪ್ಯೂಟರಿಗೆ ಇನ್ನಷ್ಟು ಮೆಮೊರಿ ಹಾಕಿಸಿಕೊಳ್ಳಲಿ. ಇನ್ನೊಂದು ಆಟದಲ್ಲಿ ಚಿತ್ರ ನಡುಗುತ್ತಿತ್ತು. ಅದಕ್ಕೆ ಚಿತ್ರ ಮೂಡಿಸುವ ಹೊಸ ಕಾರ್ಡು ಕೊಳ್ಳಲಿ ಎಂಬ ಉತ್ತರ. ಯಾವ ಹುಳುಕು ಹಿಡಿದುಕೊಟ್ಟರೂ ತಪ್ಪು ಗಿರಾಕಿಯ ಕಂಪ್ಯೂಟರಿನದೇ ಆಗುತ್ತಿತ್ತು. ಪಿಸಿ ಎಂದರೆ ಎಲ್ಲರ ಮನೆಯಲ್ಲೂ ಬೇರೆ ಬೇರೆ ಇರುತ್ತದಲ್ಲ, ಅದೇ ಅವರಿಗೆ ದೊಡ್ಡ ಅನುಕೂಲ.

ಆಮೇಲೆ ಕನ್ಸೋಲ್ ಕೆಲಸ ಬಂತು. ಜೊತೆಗೆ ಪೆಟ್ಟಿಗೆ ಮಾಡುವವರ ನಿಯಮದ ಪುಸ್ತಕ, ಪಂಚಾಂಗದ ಹತ್ತರಷ್ಟು ದಪ್ಪ. ಆಟವನ್ನು ಹಗಲೆಲ್ಲ ಬಿಡದೆ ಓಡಿಸು, ನಿಲ್ಲಬಾರದು. ಪ್ಯಾಡಿನ ವೈರು ಕಿತ್ತು ನೋಡು. ಅಲ್ಲಿವರೆಗೆ ಆಡಿದ್ದನ್ನು ಪೆಟ್ಟಿಗೆ ಸೇವ್ ಮಾಡಿಕೊಳ್ಳುತ್ತಿರುವಾಗಲೇ ಪ್ಲಗ್ಗು ಎಳೆ, ಮತ್ತೆ ಹಾಕಿದಾಗ ಹಿಂದಿನದು ಇರಬೇಕು. ಒಂದು ತಪ್ಪಿದರೂ ಆಟ ವಾಪಸ್. ಅಲ್ಲಿ ಮೆಮೊರಿ ಹಾಕಿಸಿಕೋ ಎಂದು ಹೇಳುವ ಹಾಗೇ ಇಲ್ಲ, ಪೆಟ್ಟಿಗೆ ಎಲ್ಲರ ಮನೆಯಲ್ಲೂ ಒಂದೇ. ಮೂರು ಸಲ ವಾಪಸ್ ಬಂದ ಮೇಲೆ ಅದೇ ಇಂಜಿನಿಯರರು ತೆಪ್ಪಗೆ ಕೂತು, ಆಡಿದಷ್ಟೂ ಮೆಮೊರಿ ಸೋರಿ ಖಾಲಿಯಾಗುವುದನ್ನು ಸರಿಮಾಡಿದರು. ಸರಿಮಾಡಿದ್ದು ಪಿಸಿ ಆಟಕ್ಕೂ ಹೋಯಿತು. ಒಂದು ಗಂಟೆಗೆ ಸಾಯುತ್ತಿದ್ದ ಪಿಸಿ ಆಟ ಇಡೀ ದಿನ ಓಡಿತು. ಇದನ್ನು ಯಾವ ಪಿಸಿ ಅಭಿಮಾನಿಯೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡಿ.

ಆ ಪ್ಲಗ್ಗಿನ ಪರೀಕ್ಷೆಯಲ್ಲಿ ನಾನೊಂದು ಅನಾಹುತವನ್ನೂ ಮಾಡಿದೆ. ಮೇಜಿನ ಕೆಳಗೆ ಬಗ್ಗಿ, ಒಂದು ಎರಡು ಮೂರು ಎಂದು ಎಣಿಸಿ, ಜೋರಾಗಿ ಎಳೆದೆ. ಪಕ್ಕದ ಕೋಣೆಯಿಂದ ಜೋಶಿ ಸರ್ ಕಿರುಚಿದರು, "ಯಾರ್ರೀ ಅದು! ಮುಂಜಾನಿಂದ ಬರದಿದ್ದೆಲ್ಲಾ ಹೋತಲ್ರಿ!" ನಾನು ಎಳೆದದ್ದು ಅವರ ಕಂಪ್ಯೂಟರಿನ ಪ್ಲಗ್ಗು. "ಸರ್, ನಿಮ್ಮದು ಪರೀಕ್ಷಾದಾಗ ಫೇಲ್ ಆತ್ರಿ" ಎಂದೆ. ಎರಡು ದಿನ ಮಾತು ಬಿಟ್ಟಿದ್ದರು. ಮೂರನೇ ದಿನ ಪ್ರತಿ ಪ್ಲಗ್ಗಿಗೂ ಚೀಟಿ ಅಂಟಿಸಿದ್ದರು.

ಇನ್ನು ನನ್ನ ಮುಖ್ಯ ತಪ್ಪಿಗೆ ಬರುತ್ತೇನೆ. ಅದನ್ನು ಹೇಳದೆ ಬುದ್ಧಿ ಹೇಳಲು ನನಗೆ ಬಾಯಿಲ್ಲ.

ರವಳಿ ಎಂಬ ಹೆಣ್ಣುಮಗಳು ಒಬ್ಬಳೇ ಕೂತು ಮಾಡಿದ ಒಂದು ಪಿಸಿ ಆಟವಿತ್ತು. ಅವಳ ಅಪ್ಪ ನರ್ಸಿಂಲು ಕಾಚಿಗೂಡ ಸ್ಟೇಷನ್ನಿನಲ್ಲಿ ರೈಲು ಡಬ್ಬಿಗಳನ್ನು ಬಿಡಿಸಿ ಜೋಡಿಸುವ ಕೆಲಸ ಮಾಡಿದವರು. ಆಟವೂ ಅದೇ, ಅಪ್ಪನಿಗಾಗಿಯೇ ಮಾಡಿದ್ದು. ಯಾರ್ಡಿನ ತುಂಬ ಡಬ್ಬಿಗಳು, ಯಾವುದು ಯಾವ ಗಾಡಿಗೆ ಹೋಗಬೇಕೋ ಸೇರಿಸಬೇಕು. ಪರದೆಯ ಮೇಲೆ ನಲವತ್ತು ಡಬ್ಬಿ ಒಟ್ಟಿಗೆ ಕಾಣುತ್ತಿದ್ದವು. ಮೌಸಿನಿಂದ ಐದಾರು ಡಬ್ಬಿಗಳನ್ನು ಒಂದೇ ಸಲ ಹಿಡಿದು ಇನ್ನೊಂದು ಹಳಿಗೆ ಎಳೆದು ಬಿಡಬಹುದಿತ್ತು. ಜನ ಅದನ್ನು ಹುಚ್ಚು ಹಿಡಿದವರ ಹಾಗೆ ಆಡಿದರು. ಆಗ ಆಟಗಳನ್ನು ಮಾರುಕಟ್ಟೆಗೆ ತರುವ ಪ್ರಕಾಶಕರೊಬ್ಬರು ಮುಂದೆ ಬಂದು, ಎರಡು ಬಗೆಯ ಕನ್ಸೋಲಿಗೂ ಪಿಸಿಗೂ ಸೇರಿಸಿ ಹೊಸದಾಗಿ ಬಿಡೋಣ ಎಂದರು. ಪರೀಕ್ಷೆಯ ಕೆಲಸ ನಮಗೆ ಬಂತು. ಅದರ ಮುಖ್ಯಸ್ಥೆ ನಾನು.

ಟಿವಿಗಾಗಿ ಪ್ರಕಾಶಕರ ಇಂಜಿನಿಯರರು ಹೊಸ ಪರದೆ ಮಾಡಿದ್ದರು. ದೊಡ್ಡ ಅಕ್ಷರ, ಒಮ್ಮೆಗೆ ಆರೇ ಡಬ್ಬಿ, ಒಂದೊಂದಾಗಿ ಗುಂಡಿ ಒತ್ತಿ ಸರಿಸುವುದು. ಸೋಫಾದಲ್ಲಿ ಕೂತವರಿಗೆ ಅದು ಸರಿಯಾದದ್ದೇ. ಪಿಸಿಯಲ್ಲಿ ಮಾತ್ರ ಹಳೇ ಮೌಸಿನ ಪರದೆಯೇ ಇರಬೇಕೆಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇಂಜಿನಿಯರರು ತಾತ್ಕಾಲಿಕವಾಗಿ ಎಲ್ಲಕ್ಕೂ ಟಿವಿ ಪರದೆ ಹಾಕಿದ್ದರು, ಪಿಸಿಯಲ್ಲಿ ಬದಲಾಯಿಸುವುದನ್ನು ಮರೆತರು. ಅದನ್ನು ಹಿಡಿಯಬೇಕಾದವರು ನಾವು.

ನಾವು ಹಿಡಿಯಲಿಲ್ಲ. ಎರಡು ಕನ್ಸೋಲಿನ ಕಾಲಮ್ಮುಗಳನ್ನು ಒಂದೊಂದು ಸಾಲೂ ಆಡಿ ತುಂಬಿದೆವು. ದಪ್ಪ ಪುಸ್ತಕದ ಭಯ ಇತ್ತಲ್ಲ. ಮೂರನೆಯದು ಪಿಸಿ ಕಾಲಮ್ಮು. ಅದನ್ನು ಕೇಳುವವರು ಯಾರೂ ಇರಲಿಲ್ಲ. ಪಿಸಿ ಮುಂದೆ ಕೂತ ನಾಲ್ಕಾರು ಸಲವೂ ಕೈಗೆ ರೂಢಿಯಾದ ಪ್ಯಾಡನ್ನೇ ಚುಚ್ಚಿಕೊಂಡು ಕೂತೆವು (ಅದು ಪಿಸಿಗೂ ಹಿಡಿಯುತ್ತದೆ), ಮೌಸು ಮುಟ್ಟಲಿಲ್ಲ. ಎಲ್ಲ ಚೆನ್ನಾಗಿಯೇ ನಡೆಯಿತು. ನಾನು ನಾಚಾರಂನ ಹಳೇ ಕೈಯಿಂದ ಆ ಕಾಲಮ್ಮಿಗೆ ಡಿಟ್ಟೋ ಎಳೆದೆ. ಎಂಟು ಹಾಳೆ ಪೂರ್ತಿ. ಕೆಳಗೆ ನನ್ನ ಸಹಿ, ಸುಮಂಗಲಾ ಎಂದು ಚಂದವಾಗಿ.

ಆಟ ಬಿಡುಗಡೆಯಾಯಿತು. ಕನ್ಸೋಲಿನವರು ಹೊಗಳಿದರು. ಪಿಸಿಯವರು ರವಳಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನಮ್ಮಿಂದ ಬೆಳೆದು ನಮ್ಮನ್ನೇ ಕನ್ಸೋಲಿಗೆ ಮಾರಿದಳು ಎಂಬುದು ಅದರಲ್ಲಿ ಸೌಮ್ಯವಾದದ್ದು. ಒಂದು ಮಧ್ಯಾಹ್ನ ಅವಳು ಆಟೋ ಇಳಿದು ನೇರ ನನ್ನ ಮೇಜಿಗೆ ಬಂದಳು. ಕಣ್ಣು ಕೆಂಪಾಗಿದ್ದವು. ತೆಲುಗಿನಲ್ಲಿ ಕೇಳಿದಳು, "ಆಂಟೀ, ನಿಜ ಹೇಳಿ. ಪಿಸಿಯಲ್ಲಿ ಮೌಸು ಹಿಡಿದು ಒಂದು ಸಲವಾದರೂ ಆಡಿದಿರಾ?"

ನಾನು ರಿಜಿಸ್ಟರು ತೆಗೆದು ಅವಳ ಮುಂದಿಟ್ಟೆ. ಅವಳು ಎಂಟು ಹಾಳೆಯನ್ನೂ ಮಗುಚಿದಳು.

"ಈ ಎರಡೆರಡು ಗೀಟು ಏನು?"

"ಪಕ್ಕದ ಕಾಲಮ್ಮಿನ ಹಾಗೇ ಅಂತ."

"ಅಂದರೆ ಆಡಿಲ್ಲ."

"ಆಡಿಲ್ಲಮ್ಮ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯಲ್ಲಿ ಕೂತು ಸುಮ್ಮನೆ ಹೇಳಿದಳು, "ನಮ್ಮ ಅಪ್ಪ ದಿನಾ ಸಂಜೆ ಆಡ್ತಿದ್ದರು. ಈಗ ಬಿಟ್ಟಿದ್ದಾರೆ. ಮೂರು ಡಬ್ಬಿ ಸರಿಸೋಕೆ ಹನ್ನೊಂದು ಸಲ ಒತ್ತಬೇಕು, ನೌಕರಿಯಲ್ಲೂ ಇಷ್ಟು ಕಷ್ಟಪಟ್ಟಿರಲಿಲ್ಲ ಅಂತಾರೆ." ಆಮೇಲೆ ತಾನು ಬಂದ ಕಾರಣ ಹೇಳಿದಳು. ಪ್ರಕಾಶಕರು ನಮ್ಮಿಂದ ಕಾರಣದ ಪತ್ರ ಕೇಳಿದ್ದರು. ಇದು ಕನ್ಸೋಲಿನಿಂದಾದ ಮಿತಿ ಎಂದು ನಾವು ಬರೆದರೆ ಯಾರದೂ ತಪ್ಪಿಲ್ಲ, ಆಟ ಹಾಗೇ ಉಳಿಯುತ್ತದೆ, ಅವಳ ಹೆಸರು ಕೆಟ್ಟದ್ದು ಕೆಟ್ಟಂತೆಯೇ. ಪರೀಕ್ಷೆಯ ತಪ್ಪು ಎಂದು ಬರೆದರೆ ಕರಾರಿನ ಪ್ರಕಾರ ಆಟವನ್ನು ಸರಿಮಾಡಿಸಬೇಕು, ನಾವು ಪೂರ್ತಿ ಮತ್ತೆ ಪರೀಕ್ಷಿಸಿ ಕೊಡಬೇಕು. ಒಂದು ಸಾಲಿನ ಮೇಲೆ ಅವಳ ಆಟ ನಿಂತಿತ್ತು.

ಜೋಶಿ ಸರ್ ಸಂಜೆಯೊಳಗೆ ನನ್ನನ್ನು ಕರೆದರು. ಪತ್ರ ತಯಾರಾಗಿತ್ತು, ಪೆನ್ನಿನ ಮುಚ್ಚಳ ತೆಗೆದು ಇಟ್ಟಿದ್ದರು.

"ಸುಮಂಗಲಾಬಾಯಾರ, ಸುಮ್ನ ಯಾಕ ತಲಿ ಕೆಡಿಸ್ಕೋತೀರಿ? ಕನ್ಸೋಲಿನ ಮಿತಿ ಅಂತ ಬರದೀನಿ, ಸಹಿ ಹಾಕ್ರಿ. ಮಂದಿ ಹೆಂಗೂ ಅದನ್ನ ಅನ್ನಾಕತ್ತಾರ. ಕನ್ಸೋಲ್ ಏನು ಎದ್ದು ಬಂದು ಜಗಳಾ ತಗೀತೈತೇನು?"

"ಆದ್ರ ಅದು ಸುಳ್ಳಲ್ರಿ ಸರ್. ಡಿಟ್ಟೋ ಹಾಕಿದಾಕಿ ನಾನು."

"ನಿಮ್ಮೊಬ್ಬರ ಮಾತಲ್ರಿ ಇದು. ಹನ್ನೆರಡು ಮಂದಿ ಹೊಟ್ಟಿ ಐತಿ ಇದರಾಗ. ಇವರು ಪಿಸಿ ನೋಡೂದ ಇಲ್ಲ ಅಂತ ಸುದ್ದಿ ಆದ್ರ ನಾಳೆ ಕೆಲಸ ಯಾರು ಕೊಡ್ತಾರ?"

ನನಗೆ ಭಾರೀ ಹೆದರಿಕೆಯಾಯಿತು. ಧೈರ್ಯವಂತೆ ಎಂದು ಹೇಳಿಕೊಳ್ಳಲಾರೆ. ಮನೆಯಲ್ಲಿ ನನ್ನ ಗಂಡನಿಗೆ ಆಗತಾನೇ ಬೆನ್ನಿನ ಆಪರೇಷನ್ ಆಗಿತ್ತು, ನನ್ನದೊಂದೇ ದುಡಿಮೆ. ಆದರೆ ಹುಳುಕು ಹಿಡಿಯುವುದಕ್ಕೇ ಸಂಬಳ ತಗೊಳ್ಳುವವಳು ನಾನು. ನನ್ನ ಹುಳುಕನ್ನು ಮಾತು ಬಾರದ ಪೆಟ್ಟಿಗೆಯ ತಲೆಗೆ ಕಟ್ಟಿ, ಆ ಹುಡುಗಿ ಬೈಸಿಕೊಳ್ಳುವುದನ್ನು ನೋಡುತ್ತ ಕೂರಬೇಕೇ? ಸಿಟ್ಟು ಬಂತು, ಜೋಶಿ ಸರ್ ಮೇಲಲ್ಲ, ನನ್ನ ಮೇಲೆಯೇ. ಪತ್ರದಲ್ಲಿ ಆ ಸಾಲು ಹೊಡೆದುಹಾಕಿ ಕೆಳಗೆ ಬರೆದೆ: ಪಿಸಿ ಆಟವನ್ನು ಮೌಸಿನಿಂದ ಆಡಿ ನೋಡಿರಲಿಲ್ಲ. ತಪ್ಪು ನನ್ನದು. ಹಾಗೆ ಬರೆದು ಹೆಸರು ಹಾಕಿದೆ. ಪತ್ರವನ್ನು ಅವರ ಕಡೆ ತಳ್ಳಿದೆ.

ಜೋಶಿ ಸರ್ ಅದನ್ನು ಓದಿದರು. "ಭಾಳ ಹಠಮಾರಿ ಹೆಣಮಗಳು ಬಿಡ್ರಿ ನೀವು" ಎಂದರು. ಹರಿದು ಎಸೆಯಬಹುದಿತ್ತು, ಎಸೆಯಲಿಲ್ಲ. ಅದನ್ನೇ ಕಳಿಸಿದರು. ನನ್ನನ್ನು ಮುಖ್ಯಸ್ಥೆಯ ಕುರ್ಚಿಯಿಂದ ಎಬ್ಬಿಸಿ ಜೆರಾಕ್ಸ್ ಮೆಷಿನ್ನಿನ ಪಕ್ಕ ಕೂರಿಸಿದರು, ಅದನ್ನೂ ಹೇಳಿಬಿಡುತ್ತೇನೆ. ಬಡ್ತಿಯ ಸುದ್ದಿ ಕೇಳಬೇಕೆನ್ನುವವರು ಬೇರೆಯವರ ಅನುಭವ ಓದಿ. ನನ್ನದರಲ್ಲಿ ಹೇಳಿಕೊಳ್ಳುವಂಥದ್ದು ಈ ಇಳಿಕೆಯೇ.

ಮತ್ತೆ ಪರೀಕ್ಷೆ ಶುರುವಾಯಿತು. ಪಿಸಿ ನೋಡುವ ದಿನ ಆಫೀಸಿನ ಎಲ್ಲ ಪ್ಯಾಡುಗಳನ್ನೂ ಕಬ್ಬಿಣದ ಬೀರುವಿನಲ್ಲಿ ಹಾಕಿ ಬೀಗ ಜಡಿದು, ಕೀಲಿಯನ್ನು ನನ್ನ ಪರ್ಸಿನಲ್ಲಿ ಇಟ್ಟುಕೊಳ್ಳತೊಡಗಿದೆ. ಕುರ್ಚಿ ಹೋದರೂ ಕೀಲಿಯ ವಿಷಯದಲ್ಲಿ ಯಾರೂ ನನಗೆ ಎದುರಾಡಲಿಲ್ಲ. ಹುಡುಗರು ಗೊಣಗಿದರು. ಗೊಣಗಲಿ ಬಿಡಿ. ಮೌಸು ಹಿಡಿದು ಕೂತ ಮೊದಲ ದಿನವೇ ಹದಿನೇಳು ತಪ್ಪು ಸಿಕ್ಕವು. ಹಳೇ ಪರದೆ ವಾಪಸ್ ಬಂತು, ನಲವತ್ತು ಡಬ್ಬಿಗಳೂ ಬಂದವು. ನಮಗೆಲ್ಲ ಎಂಥ ಆವೇಶವೆಂದರೆ, ಟಿವಿ ಪರದೆಯ ಒಂದು ಗುಲಗಂಜಿಯಷ್ಟೂ ಪಿಸಿಯಲ್ಲಿ ಉಳಿಯಬಾರದೆಂದು ಹುಡುಕಿ ಹುಡುಕಿ ತೆಗೆಸಿದೆವು. ಆಡುವವರು ಖುಷಿಯಾದರು. ಬೈದವರೇ ರವಳಿಗೆ ಕ್ಷಮೆ ಕೇಳಿ ಬರೆದರು. ನನಗೆ ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ವಾರದೊಳಗೆ ಒಂದು ಫೋನು ಬಂತು, ರವಳಿಯ ಅಪ್ಪನದು. ಹಿಂದಿಯಲ್ಲಿ, ಸ್ವಲ್ಪ ಸಂಕೋಚದಲ್ಲೇ ಮಾತಾಡಿದರು. "ಬೆಹೆನ್‌ಜೀ, ಮೌಸು ಬಂತು, ಒಳ್ಳೇದಾಯಿತು. ಆದರೆ ಡಬ್ಬಿ ಮೇಲಿನ ನಂಬರ್ ಮತ್ತೆ ಯಾಕೆ ಸಣ್ಣದು ಮಾಡಿದಿರಿ? ಆ ದೊಡ್ಡ ಅಕ್ಷರ ನನಗೆ ಕಾಣ್ತಿತ್ತು."

"ಮೊದಲಿನ ಆಟದಲ್ಲೂ ಸಣ್ಣದೇ ಇತ್ತಲ್ಲ ಅಣ್ಣ, ಆಗ ಹೇಗೆ ಆಡ್ತಿದ್ರಿ?"

"ಓದ್ತಿರಲಿಲ್ಲಮ್ಮ. ಇಂಜಿನ್ ಕಡೆಯಿಂದ ಎಷ್ಟನೇ ಡಬ್ಬಿ ಅಂತ ಎಣಿಸ್ತಿದ್ದೆ. ಯಾರ್ಡಿನಲ್ಲಿ ಕತ್ತಲಾದ ಮೇಲೆ ಹಾಗೇ ಮಾಡ್ತಿದ್ದೆವು. ರವಳಿಗೆ ಹೇಳಬೇಡಿ, ಬೇಜಾರು ಮಾಡ್ಕೋತಾಳೆ."

ನಾನು ಹೇಳಿಯೇ ಬಿಟ್ಟೆ. ಹೇಳದೆ ಇರುತ್ತೇನೆಯೇ! ಅಪ್ಪನಿಗಾಗಿ ಮಾಡಿದ ಆಟದ ನಂಬರನ್ನು ಅಪ್ಪ ಒಂದು ದಿನವೂ ಓದಿಲ್ಲ ಎಂದು ಕೇಳಿ ಅವಳು ಫೋನಿನಲ್ಲೇ ಅತ್ತಳು. ಮುಂದಿನ ತಿದ್ದುಪಡಿಯಲ್ಲಿ ಮೌಸು ಇತ್ತು, ನಲವತ್ತು ಡಬ್ಬಿ ಇದ್ದವು, ಬೇಕಾದವರಿಗೆ ದೊಡ್ಡ ಅಕ್ಷರವೂ ಇತ್ತು. ಆ ಅಕ್ಷರ ಬಂದದ್ದು ಸೋಫಾದವರಿಗಾಗಿ ಮಾಡಿದ ಪರದೆಯಿಂದ. ನಾವು ಶನಿಯೆಂದು ಕಿತ್ತು ಬಿಸಾಡಿದ್ದನ್ನೇ ಆರಿಸಿ ತಂದು ಹಾಕಿದೆವು.

ಮತ್ತೆ ಹೋದ ತಿಂಗಳಿಗೆ ಬರುತ್ತೇನೆ. ಊಟದ ನಂತರ ಸವಿತಾ ಮುಖ ದಪ್ಪ ಮಾಡಿಕೊಂಡು ನನ್ನ ಹತ್ತಿರ ಬಂದಳು. "ಅಕ್ಕಾರ, ನಾ ಏನು ತಪ್ಪು ಕೇಳ್ದೆ ಅಂತ ಅಷ್ಟು ಸಿಟ್ಟಿಗೆದ್ರಿ?" ಎಂದಳು.

"ನಿನ್ನ ಟೆಸ್ಟ್ ಶೀಟು ತೋರ್ಸು" ಎಂದೆ.

ಈಗ ರಿಜಿಸ್ಟರು ಎಲ್ಲಿದೆ, ಎಲ್ಲ ಕಂಪ್ಯೂಟರಿನೊಳಗೇ. ತೆಗೆದು ತೋರಿಸಿದಳು. ಕನ್ಸೋಲಿನ ಕಾಲಮ್ಮುಗಳು ಅಚ್ಚುಕಟ್ಟು, ಪ್ರತಿ ಸಾಲಿನಲ್ಲೂ ಬೇರೆ ಬೇರೆ ಸಮಯ, ಬೇರೆ ಬೇರೆ ಟಿಪ್ಪಣಿ. ಪಿಸಿ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ ಪಾಸ್, ಪಾಸ್, ಪಾಸ್. ಎಲ್ಲ ಸಾಲಿನಲ್ಲೂ ಒಂದೇ ಗಂಟೆ, ಒಂದೇ ನಿಮಿಷ. ಮೊದಲ ಮನೆಯನ್ನು ತುಂಬಿ ಮೂಲೆ ಹಿಡಿದು ಎಳೆದರೆ ಕೆಳಗಿನವೆಲ್ಲ ತಾವೇ ತುಂಬಿಕೊಳ್ಳುತ್ತವಲ್ಲ, ಅದೇ. ನಾನು ಗೀಟು ಎಳೆದು ಕೈ ನೋಯಿಸಿಕೊಳ್ಳುತ್ತಿದ್ದೆ, ಇವಳಿಗೆ ಆ ಶ್ರಮವೂ ಇಲ್ಲ.

"ಇದನ್ನ ಎಳ್ದಿಯೇನವ್ವಾ?"

ಅವಳು ತಲೆ ತಗ್ಗಿಸಿದಳು. "ಎಲ್ಲಾರೂ ಹಂಗ ಮಾಡ್ತಾರ್ರಿ ಅಕ್ಕಾರ."

"ನಾನೂ ಮಾಡೀನಿ. ಮೌಸ್ ಎಲ್ಲೈತಿ?"

ಮೌಸು ಪರದೆಯ ಹಿಂದಿತ್ತು, ವೈರು ಸುತ್ತಿಕೊಂಡು, ಧೂಳು ಕೂತು. ನಾನು ಸೆರಗಿನಿಂದ ಒರೆಸಿ ಕೊಟ್ಟೆ. ಅವಳು ಪ್ಯಾಡು ಕಿತ್ತಿಟ್ಟು ಮೌಸು ಹಿಡಿದು ಕೂತಳು. ಹತ್ತು ನಿಮಿಷ ಆಗಿರಬೇಕು. "ಅಕ್ಕಾರ, ಇಲ್ಲೆ ಒತ್ತಿದ್ರ ಏನೂ ಆಗವಲ್ದು" ಎಂದಳು. ಸ್ವಲ್ಪ ಹೊತ್ತಿಗೆ, "ಇಲ್ಲೂ ಆಗವಲ್ದು" ಎಂದಳು. ಮೂರನೆಯದಕ್ಕೆ ನನ್ನ ಮುಖ ನೋಡಿದಳು.

"ಬರಿ" ಎಂದೆ.

ತಪ್ಪುಗಳನ್ನು ಬರೆದಳು. ಕಾರಣ ಎಂಬ ಕಡೆ ಬಂದಾಗ ಅವಳ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಕನ್ಸೋಲ್ ಎಂಬ ಪದದ ಮೊದಲ ಅಕ್ಷರವನ್ನು ಒತ್ತಿದ್ದಳು ಕೂಡ. ನಾನು ಕಿಟಕಿಯ ಕಡೆ ನೋಡುತ್ತ ನಿಂತೆ. ತಿರುಗಿ ನೋಡಿದಾಗ ಆ ಅಕ್ಷರ ಅಳಿಸಿತ್ತು. ಆಡಿ ನೋಡಿರಲಿಲ್ಲ ಎಂದು ಬರೆದು, ಮುಂದೆ ತನ್ನ ಪೂರ್ತಿ ಹೆಸರು ಹಾಕಿದ್ದಳು.